ಇದ್ದಿಲಿನ ಲೆಕ್ಕ: ಜಪಾನ್ ಮತ್ತು ಬ್ರೆಜಿಲ್

ವಿಜ್ಞಾನದ ಪಾಠದಲ್ಲಿ ಬರುವ ‘ಇಂಗಾಲ’ವು ಸಂಸ್ಕೃತದ ‘ಅಂಗಾರ’ ಶಬ್ದದ ತದ್ಭವ. ಅಂಗಾರವೆಂದರೆ ಕೆಂಡವೂ ಹೌದು, ಇದ್ದಿಲೂ ಹೌದು. ಗಾಳಿಯಾಡದ ಗೂಡಿನಲ್ಲಿ ಕಟ್ಟಿಗೆಯನ್ನು ಸುಟ್ಟಾಗ ನೀರೂ ಹೊಗೆಯೂ ತೊಲಗಿ ಉಳಿಯುವುದು ಬಹುಮಟ್ಟಿಗೆ ಇಂಗಾಲವೇ. ಈ ಪುರಾತನ ಇಂಧನವನ್ನು ತ್ಯಜಿಸಿದ ದೇಶ ಮುಂದುವರಿದದ್ದು, ತ್ಯಜಿಸದ ದೇಶ ಹಿಂದುಳಿದದ್ದು ಎಂಬ ಎಣಿಕೆ ವಿದ್ಯಾವಂತರಲ್ಲಿಯೂ ಉಂಟು. ಅದು ಅವಸರದ ತೀರ್ಮಾನವೆಂಬುದು ನನ್ನ ಅಭಿಮತ. ಜಪಾನ್ ಮತ್ತು ಬ್ರೆಜಿಲ್ ದೇಶಗಳ ಅನುಭವವನ್ನು ಜೊತೆಗಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

1940ರ ಸುಮಾರಿಗೆ ಜಪಾನಿನಲ್ಲಿ ವರ್ಷವೊಂದಕ್ಕೆ ಸುಮಾರು 27 ಲಕ್ಷ ಟನ್ ಇದ್ದಿಲು ತಯಾರಾಗುತ್ತಿತ್ತು. ಅಡುಗೆಗೂ ಚಳಿ ಕಾಯಿಸುವುದಕ್ಕೂ ಮನೆಮನೆಯಲ್ಲಿ ಅದೇ ಆಧಾರ. 1950ರ ದಶಕದ ಕೊನೆಯಿಂದ ಸೀಮೆಎಣ್ಣೆ, ಅನಿಲ, ವಿದ್ಯುತ್ತುಗಳು ಮನೆಹೊಕ್ಕವು; ಗೂಡುಗಳು ಒಂದೊಂದಾಗಿ ತಣ್ಣಗಾದವು. ಇಂದಿನ ಉತ್ಪಾದನೆ ಅಂದಿನದರ ನೂರರಲ್ಲೊಂದು ಪಾಲಿನ ಆಸುಪಾಸಿನದು. ಬಡಿದರೆ ಲೋಹದಂತೆ ದನಿಗೊಡುವ ವಾಕಯಾಮ ಪ್ರಾಂತದ ‘ಬಿಂಚೋತಾನ್’ ಇದ್ದಿಲು ಮಾತ್ರ ಇಂದಿಗೂ ಕೀರ್ತಿಯನ್ನುಳಿಸಿಕೊಂಡಿದೆ. ಆದರೆ ಜಪಾನ್ ಬೆಂಕಿಯನ್ನು ಬಿಟ್ಟಿತೆ? ಇಲ್ಲ. ಅದರ ಉಕ್ಕಿನ ಕುಲುಮೆಗಳು ಹೊರದೇಶಗಳಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲಿನಿಂದ ಉರಿಯುತ್ತಿವೆ. ಕಡಿದಷ್ಟೂ ಚಿಗುರಿ ಇದ್ದಿಲಿಗೆ ಒದಗುತ್ತಿದ್ದ ಊರಂಚಿನ ಕಾಡುಗಳು ಅನೇಕ ಕಡೆ ಆರೈಕೆಯಿಲ್ಲದೆ ನಿಂತಿವೆ.

ಬ್ರೆಜಿಲ್ ನಡೆದುದು ಬೇರೆ ದಾರಿ. ಇಂದು ಜಗತ್ತಿನಲ್ಲಿ ಅತ್ಯಧಿಕ ಇದ್ದಿಲನ್ನು ತಯಾರಿಸುವ ದೇಶ ಅದೇ. ವರ್ಷಕ್ಕೆ 60 ಲಕ್ಷ ಟನ್ನಿನಷ್ಟು. ಅದರ ಬಹುಪಾಲು ಸಲ್ಲುವುದು ಒಲೆಗಲ್ಲ, ಕಬ್ಬಿಣಕ್ಕೆ. ಮೀನಾಸ್ ಜೆರಾಯಿಸ್ ಪ್ರಾಂತದ ಕುಲುಮೆಗಳಲ್ಲಿ ಇದ್ದಿಲು ಉರಿದು ಶಾಖವನ್ನೂ ಕೊಡುತ್ತದೆ, ಅದಿರಿನಿಂದ ಆಮ್ಲಜನಕವನ್ನೂ ಕಳೆಯುತ್ತದೆ. 1966ರಲ್ಲಿ ಮರ ನೆಡುವವರಿಗೆ ತೆರಿಗೆಯ ರಿಯಾಯಿತಿ ದೊರೆತು ನೀಲಗಿರಿ ತೋಪುಗಳು ಹಬ್ಬಿದವು. ಆದರೂ 1980ರ ದಶಕದಲ್ಲಿ ಹೆಚ್ಚಿನ ಇದ್ದಿಲು ಸಹಜಾರಣ್ಯವನ್ನು ಕಡಿದುದರಿಂದಲೇ ಬರುತ್ತಿತ್ತು. ಈಗ ಬಹುಪಾಲು ನೆಟ್ಟ ತೋಪುಗಳದು. ಮರಳಿ ಬೆಳೆಯುವ ಮರವು ಉರಿದ ಇಂಗಾಲವನ್ನು ಮತ್ತೆ ಹೀರಿಕೊಳ್ಳುತ್ತದೆ. ಗಣಿಯ ಕಲ್ಲಿದ್ದಲಿಗೆ ಆ ಗುಣವಿಲ್ಲ.

ಹಾಗೆಂದು ಬ್ರೆಜಿಲನ್ನು ಹೊಗಳಿ ಮುಗಿಸುವಂತಿಲ್ಲ. ಅಲ್ಲಿಯ ಇದ್ದಿಲ ಗೂಡುಗಳಲ್ಲಿ ಸಾಲದ ಬಲೆಗೆ ಸಿಲುಕಿದ ಕೂಲಿಗಳು ಗುಲಾಮರಂತೆ ದುಡಿದದ್ದುಂಟು. 1995ರಲ್ಲಿ ಆ ಸರಕಾರವೇ ಇಂತಹ ದಾಸ್ಯವಿದೆಯೆಂದು ಒಪ್ಪಿ, ಸಂಚಾರಿ ತಪಾಸಣಾ ತಂಡಗಳನ್ನು ನೇಮಿಸಿತು. ಮರ ಚಿಗುರಬಹುದು, ಹೊಗೆಯಲ್ಲಿ ಕಳೆದ ಮನುಷ್ಯನ ಆಯುಸ್ಸು ಚಿಗುರುವುದಿಲ್ಲ.

ಇದು ನಮಗೆ ಹೊರಗಿನ ಮಾತಲ್ಲ. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ. ಆ ಕಬ್ಬಿಣದ ಹೆಮ್ಮೆಯನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಆ ಕಾಡಿನ ಲೆಕ್ಕವನ್ನು ಹೇಳುವುದಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ದೇಶಗಳ ಉತ್ಪಾದನೆಯ ಕೋಷ್ಟಕವನ್ನು ಕರಿಹಲಗೆಯ ಮೇಲೆ ಬರೆದಾಗ, ಅಂಕಿಗಳನ್ನು ಬಾಯಿಪಾಠ ಮಾಡಿಸಿ ನಿಲ್ಲದಿರೋಣ. ಈ ಮರ ಎಲ್ಲಿಯದು, ಅದರ ಜಾಗದಲ್ಲಿ ಮತ್ತೊಂದು ಬೆಳೆಯಿತೆ, ಗೂಡಿನ ಮುಂದೆ ನಿಂತವನಿಗೆ ನ್ಯಾಯವಾದ ಕೂಲಿ ದೊರೆಯಿತೆ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸೋಣ. ಅಂಕಿಯನ್ನು ಓದುವುದು ಸಾಕ್ಷರತೆ. ಅದರ ಹಿಂದಿರುವ ಕಾಡನ್ನೂ ಕೈಯನ್ನೂ ಕಾಣುವುದು ವಿದ್ಯೆ.