ಎಲ್ಲರ ಆಟ ಕೆಡಿಸುವ ಎಲೆ

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬಂದ ಹುಡುಗರು ಮನೆಗೆ ಒಯ್ಯುತ್ತಿದ್ದ ಸಾಮಾನುಗಳಲ್ಲಿ ಕುಸ್ತಿಪಟುಗಳ ಚಿತ್ರವಿರುವ ಟ್ರಂಪ್ ಕಾರ್ಡಿನ ಕಟ್ಟು ಒಂದು ಇರಲೇಬೇಕಿತ್ತು. ನಮ್ಮ ಬಾಲ್ಯವೂ ಅದರಲ್ಲೇ ಕಳೆದಿದೆ. ನಮ್ಮಲ್ಲಿ ಒಬ್ಬರು ವಿಜಯಪುರ ಶಹರದವರು, ಒಬ್ಬರು ಅಥಣಿ ದಾರಿಯ ತಿಕೋಟಾದವರು, ಇನ್ನೊಬ್ಬಳು ಬಬಲೇಶ್ವರದವಳು. ಮೂರೂ ಊರಲ್ಲಿ ಆಟ ಒಂದೇ. ಎಲೆ ಸಮನಾಗಿ ಹಂಚಿಕೊಂಡು, ಮೇಲಿನ ಎಲೆಯ ಎತ್ತರವನ್ನೋ ತೂಕವನ್ನೋ ಎದೆಯ ಸುತ್ತಳತೆಯನ್ನೋ ಕೂಗಬೇಕು. ಹೆಚ್ಚಿದ್ದವರು ಉಳಿದವರ ಎಲೆ ಎತ್ತಿಕೊಳ್ಳಬೇಕು. ಖಲಿ ಬಂದರೆ ಎತ್ತರ, ಬಿಗ್ ಶೋ ಬಂದರೆ ತೂಕ. ಯೋಚನೆ ಮಾಡುವ ಕೆಲಸವೇ ಇರಲಿಲ್ಲ.

ಆ ಕಟ್ಟಿನಲ್ಲಿ ರ‍್ಯಾಂಕ್ ಒಂದರ ಎಲೆ ಒಂದಿರುತ್ತಿತ್ತು. ಅದು ಯಾರ ಕೈಗೆ ಬಂತೋ ಅವರು 'ರ‍್ಯಾಂಕ್' ಎಂದು ಕೂಗಿದರೆ ಮುಗಿಯಿತು, ಅದನ್ನು ಸೋಲಿಸುವ ಎಲೆಯೇ ಇಲ್ಲ. ತಿಕೋಟಾದ ನಮ್ಮ ಗೆಳೆಯನ ಓಣಿಯಲ್ಲಿ ಇದಕ್ಕೆ ಒಂದು ಕಾನೂನು ಬಂತು: ಒಂದನೇ ನಂಬರಿನ ಎಲೆ ಇದ್ದವರು ರ‍್ಯಾಂಕ್ ಕೂಗಬಾರದು. ಬಬಲೇಶ್ವರದಲ್ಲಿ ಹುಡುಗಿಯರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಆ ಎಲೆಯನ್ನು ಕಟ್ಟಿನಿಂದಲೇ ತೆಗೆದು ಪಾಟಿಚೀಲದಲ್ಲಿ ಇಟ್ಟುಬಿಟ್ಟಿದ್ದರು. ಯಾವ ದೊಡ್ಡವರೂ ಹೇಳಿಕೊಟ್ಟದ್ದಲ್ಲ. ಎರಡು ಊರಿನ ಮಕ್ಕಳು ಒಬ್ಬರನ್ನೊಬ್ಬರು ನೋಡದೆಯೇ ಒಂದೇ ತೀರ್ಮಾನಕ್ಕೆ ಬಂದಿದ್ದರು.

ಈ ಹಳೆಯ ಕಥೆ ಈಗ ನೆನಪಾಗಲು ಕಾರಣ, ಒಂದು ವರ್ಷದಿಂದ ನಾವು ಅಂಟಿಸಿಕೊಂಡಿರುವ ಇನ್ನೊಂದು ಎಲೆಯಾಟ. ಮ್ಯಾಜಿಕ್: ದ ಗ್ಯಾದರಿಂಗ್ ಅದರ ಹೆಸರು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ರೂಪಿಸಿ, ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಅಮೆರಿಕದ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದದ್ದು. ಎಲೆಗಳನ್ನು ಕೊಂಡು, ಬದಲಾಯಿಸಿಕೊಂಡು ನಮ್ಮದೇ ಕಟ್ಟು ಮಾಡಿಕೊಂಡು ಆಡಬೇಕು. ಇದರಲ್ಲಿ ಕಮಾಂಡರ್ ಎಂಬ ಒಂದು ಬಗೆಯಿದೆ. ಸಾಮಾನ್ಯವಾಗಿ ನಾಲ್ಕು ಮಂದಿ ಕೂಡುತ್ತಾರೆ. ಪ್ರತಿಯೊಬ್ಬರ ಬಳಿ ನೂರು ಎಲೆ, ಮೂಲ ಭೂಮಿಯ ಎಲೆ ಬಿಟ್ಟರೆ ಒಂದೇ ಎಲೆ ಎರಡು ಸಲ ಇರುವಂತಿಲ್ಲ. ಇಬ್ಬರ ಆಟದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ಅಂಕದ ಜೀವವಾದರೆ ಇಲ್ಲಿ ನಲವತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ರಜೆಗೆ ಬಂದಾಗ ಎರಡು ಕಟ್ಟು ತಂದ. ಅಲ್ಲಿಂದ ಶುರು.

ನಮ್ಮೂರಲ್ಲಿ ಈ ಎಲೆ ಮಾರುವ ಅಂಗಡಿ ನಾವು ಕಂಡಿಲ್ಲ. ಇದ್ದರೂ ನಮ್ಮ ಕಿಸೆಗೆ ಅದು ನಿಲುಕುತ್ತಿರಲಿಲ್ಲ. ಹೀಗಾಗಿ ಚಿತ್ರ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಛಾಪಿಸಿ, ಹಳೆಯ ಇಸ್ಪೀಟು ಎಲೆಯ ಮೇಲೆ ಅಂಟಿಸಿ ಆಡುತ್ತೇವೆ. ಜಗತ್ತಿನಾದ್ಯಂತ ಜನ ದುಡ್ಡಿಲ್ಲದಾಗ ಹೀಗೆ ಮಾಡುತ್ತಾರೆ, ಮನೆಯೊಳಗಿನ ಆಟಕ್ಕೆ ಇದನ್ನು ಯಾರೂ ತಪ್ಪೆನ್ನುವುದಿಲ್ಲ.

ಈ ಝೆರಾಕ್ಸೇ ನಮಗೆ ಒಂದು ಪಾಠ ಕಲಿಸಿತು. ಮಾನಾ ಕ್ರಿಪ್ಟ್ ಎಂಬ ಎಲೆಯನ್ನು ನಾಲ್ವರೂ ಛಾಪಿಸಿಕೊಂಡೆವು. ಈ ಆಟದಲ್ಲಿ ಪಾಳಿಗೆ ಒಂದರಂತೆ ಭೂಮಿಯ ಎಲೆ ಇಟ್ಟು, ಅದರಿಂದ ಬರುವ ಶಕ್ತಿಯಿಂದ ಉಳಿದ ಎಲೆ ಆಡಬೇಕು. ಮೊದಲ ಪಾಳಿಗೆ ಒಂದು ಶಕ್ತಿ, ಎರಡನೆಯದಕ್ಕೆ ಎರಡು, ಹೊಲದಲ್ಲಿ ಬೆಳೆ ಬಂದ ಹಾಗೆ ನಿಧಾನ. ಮಾನಾ ಕ್ರಿಪ್ಟ್ ಇಳಿಸಲು ಏನೂ ಖರ್ಚಿಲ್ಲ, ಇಳಿದ ಕ್ಷಣದಿಂದ ಪ್ರತಿ ಪಾಳಿಗೂ ಎರಡು ಶಕ್ತಿ ಹೆಚ್ಚಿಗೆ. ಅದಕ್ಕೊಂದು ದಂಡವೂ ಇದೆ: ಪಾಳಿ ಬಂದಾಗಲೆಲ್ಲ ನಾಣ್ಯ ಚಿಮ್ಮಬೇಕು, ಸೋತರೆ ಮೂರು ಅಂಕ ಜೀವ ಹೋಗುತ್ತದೆ. ಇಪ್ಪತ್ತು ಅಂಕದ ಆಟದಲ್ಲಿ ಮೂರು ಎಂದರೆ ಭಾರ. ನಲವತ್ತರಲ್ಲಿ ಅದು ಸೊಳ್ಳೆ ಕಚ್ಚಿದಂತೆ.

ಒಂದು ರಾತ್ರಿ ತಿಕೋಟಾದವನಿಗೆ ಮೊದಲ ಕೈಯಲ್ಲೇ ಅದು ಬಂತು. ನಾವು ಮೂವರು ಇನ್ನೂ ಹೊಲ ಹರಗುತ್ತಿದ್ದಾಗ ಅವನು ರಾಶಿ ಮಾಡಿ ಮುಗಿಸಿದ್ದ. ಬಬಲೇಶ್ವರದವಳು ಕೈಯಲ್ಲಿದ್ದ ಎಲೆ ನೆಲಕ್ಕೆ ಒಗೆದು, "ಇದೇನಪಾ, ನನ್ನ ಪಾಳಿ ಸುದ್ದ ಬರಲಿಲ್ಲ, ಆಟನ ಮುಗೀತು?" ಎಂದಳು. ಮರುದಿನ ಆ ಎಲೆ ನನಗೆ ಬಂತು, ಅದರ ಮರುದಿನ ಇನ್ನೊಬ್ಬರಿಗೆ. ಗೆಲ್ಲುವವರು ಬದಲಾಗುತ್ತಿದ್ದರು, ಆಟ ಮಾತ್ರ ಒಂದೇ ರೀತಿ ಸಾಯುತ್ತಿತ್ತು.

ಇಂಥ ಎಲೆಗಳ ಬಗ್ಗೆ ಸಾಮಾನ್ಯವಾಗಿ ಬರುವ ದೂರು, ಇವು ಶ್ರೀಮಂತರ ಕೈಗೆ ಮಾತ್ರ ಸಿಗುತ್ತವೆ, ಅದಕ್ಕೇ ನಿಷೇಧಿಸಬೇಕು ಎಂಬುದು. ನಾವೂ ಹಾಗೇ ನಂಬಿದ್ದೆವು. ಆದರೆ ನಮ್ಮ ಕೋಣೆಯಲ್ಲಿ ಅದರ ಬೆಲೆ ಎರಡು ರೂಪಾಯಿ, ನಾಲ್ವರ ಬಳಿಯೂ ಇತ್ತು. ಆದರೂ ಆಟ ಕೆಟ್ಟಿತು. ಬಡತನ ಸಿರಿತನದ ಮಾತು ಬೇರೆ, ಅದೂ ಇದೆ. ಕೆಡಿಸುವ ಗುಣ ಮಾತ್ರ ಎಲೆಯ ಒಳಗೇ ಇರುತ್ತದೆ.

ನಾಲ್ವರ ಆಟದಲ್ಲಿ ಆ ಗುಣ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್ ಎಂಬ ಎಲೆ ಎದುರಾಳಿಗಳ ಬಳಿ ಇರುವ ಸಾಮಾನು ಎಣಿಸಿ ಅಷ್ಟು ಸಂಪತ್ತು ಕೊಡುತ್ತದೆ. ಇಬ್ಬರ ಆಟದಲ್ಲಿ ಒಬ್ಬ ಎದುರಾಳಿಯ ಸಾಮಾನು, ಇಲ್ಲಿ ಮೂವರದು. ಅದೇ ಎಲೆ, ಅದೇ ಬರಹ, ಫಲ ಮಾತ್ರ ಮೂರು ಪಟ್ಟು. ಲಿಮಿಟೆಡ್ ರಿಸೋರ್ಸಸ್ ಎಂಬ ಇನ್ನೊಂದು, ಮೇಜಿನ ಮೇಲೆ ಒಟ್ಟು ಹತ್ತು ಭೂಮಿಯಿದ್ದರೆ ಯಾರೂ ಮತ್ತೊಂದು ಇಡುವಂತಿಲ್ಲ ಎನ್ನುತ್ತದೆ. ಇಬ್ಬರಿದ್ದರೆ ತಲಾ ಐದು ಭೂಮಿ, ಹೇಗೋ ಬದುಕಬಹುದು. ನಾಲ್ವರಿದ್ದರೆ ತಲಾ ಎರಡೂವರೆ. ಕಾಲುವೆಯ ಕೊನೆಯ ಹೊಲದವರಿಗೆ ಈ ಲೆಕ್ಕ ನಾವು ವಿವರಿಸಬೇಕಿಲ್ಲ.

ನಮಗೆ ಎಲ್ಲಕ್ಕಿಂತ ರುಚಿಸಿದ್ದು ಟ್ರೇಡ್ ಸೀಕ್ರೆಟ್ಸ್ ಎಂಬ ಎಲೆಯ ಕಥೆ. ಅದನ್ನು ಆಡಿದವನು ಒಬ್ಬ ಎದುರಾಳಿಯನ್ನು ಆರಿಸುತ್ತಾನೆ. ಆ ಎದುರಾಳಿಗೆ ಎರಡು ಎಲೆ, ಆಡಿದವನಿಗೆ ನಾಲ್ಕರವರೆಗೆ. ಎದುರಾಳಿ ಒಪ್ಪಿದರೆ ಮತ್ತೊಮ್ಮೆ, ಮಗದೊಮ್ಮೆ, ಬೇಕಾದಷ್ಟು ಸಲ. ಇಬ್ಬರೇ ಆಡುವಾಗ ಯಾರು ಒಪ್ಪುತ್ತಾರೆ? ನಾನು ಎರಡು ಎತ್ತಿಕೊಂಡು ವೈರಿಗೆ ನಾಲ್ಕು ಕೊಡಲು ನನಗೇನು ಹುಚ್ಚೇ? ನಾಲ್ವರಿದ್ದಾಗ ಇಬ್ಬರು ಕಣ್ಣಲ್ಲೇ ಮಾತಾಡಿಕೊಂಡು ತಮ್ಮ ಕಟ್ಟಿನ ಎಲೆಗಳನ್ನೆಲ್ಲ ಬಾಚಿಕೊಳ್ಳುತ್ತಾರೆ, ಉಳಿದಿಬ್ಬರು ಬಾಯಿ ತೆರೆದು ನೋಡಬೇಕು. ಗ್ರಾಮ ಪಂಚಾಯಿತಿ ಸಭೆಗಳ ವರದಿ ಮಾಡಿ ಬಂದಿರುವ ನಮಗೆ ಇದು ಅಷ್ಟೇನೂ ಅಪರಿಚಿತ ಆಟವಲ್ಲ. ಆ ಎಲೆ ನಿಷೇಧದ ಪಟ್ಟಿ ಸೇರಿತು, ಸೇರಬೇಕಾದದ್ದೇ.

ಕೆಲವು ಎಲೆ ಬಲದಿಂದಲ್ಲ, ಕಾಲ ತಿನ್ನುವುದರಿಂದ ಹೊರಬಿದ್ದಿವೆ. ಅರೇಬಿಯನ್ ನೈಟ್ಸ್ ಕಥೆಗಳ ಮೇಲೆ ಮಾಡಿದ ಶಹರಜಾದ್ ಎಂಬ ಎಲೆ ಆಡಿದರೆ, ನಡೆದಿರುವ ಆಟ ಅಲ್ಲೇ ಬಿಟ್ಟು ಅದರೊಳಗೆ ಇನ್ನೊಂದು ಆಟ ಶುರು ಮಾಡಬೇಕು. ಕಥೆಯೊಳಗೆ ಕಥೆ ಇದ್ದಂತೆ. ಕಲ್ಪನೆ ಬಹಳ ಚೆಂದ, ಆದರೆ ಬೆಳಗಿನ ಬಸ್ಸು ಹಿಡಿಯಬೇಕಾದವರು ಆಡಲಾರರು. 2024ರಲ್ಲಿ ಬಂದ 'ನಾಡು' ಎಂಬ ಹಕ್ಕಿಯ ಎಲೆಯದೂ ಅರ್ಧ ಇದೇ ತಕರಾರು. ಅದನ್ನು ಇಟ್ಟವರ ಒಂದು ಪಾಳಿ ಮುಗಿಯುವಷ್ಟರಲ್ಲಿ ಉಳಿದವರು ಚಹಾ ಮಾಡಿ ಕುಡಿದು ಬರಬಹುದು. (ಹೆಸರು ಕೇಳಿ ನಾವು ಬಿದ್ದು ನಕ್ಕಿದ್ದೆವು. ಆ ಎಲೆ ಭೂಮಿಯನ್ನೂ ತಂದುಕೊಡುತ್ತದೆ ಎಂದು ಗೊತ್ತಾದಾಗ ಇನ್ನಷ್ಟು.)

2020ರ ಜೂನ್‌ನಲ್ಲಿ ಕಂಪನಿಯೇ ಏಳು ಹಳೆಯ ಎಲೆಗಳನ್ನು ಎಲ್ಲ ಬಗೆಯ ಆಟದಿಂದಲೂ ಹೊರಹಾಕಿತು. ಅವು ದುರ್ಬಲವೋ ಬಲಿಷ್ಠವೋ ಎಂಬ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ಹೆಸರು, ಚಿತ್ರ, ಬರಹ ಒಂದು ಜನಾಂಗವನ್ನೋ ಸಂಸ್ಕೃತಿಯನ್ನೋ ಹೀಗಳೆಯುತ್ತವೆ ಎಂಬುದು ಕಾರಣ. ಅವುಗಳಲ್ಲಿ ಒಂದರ ಹೆಸರು 'ಪ್ರದೇಶ್ ಜಿಪ್ಸೀಸ್'. ನಮ್ಮ ಭಾಷೆಗಳ ಒಂದು ಪದ ಅಲ್ಲಿ ಹೋಗಿ ಅಲೆಮಾರಿಗಳ ಹೀಯಾಳಿಕೆಗೆ ಜೋಡಿಯಾಗಿ ಕೂತಿತ್ತು. ಲಂಬಾಣಿ ತಾಂಡಾಗಳಿರುವ ಜಿಲ್ಲೆಯವರಾದ ನಮಗೆ ಈ ನಿಷೇಧದ ಬಗ್ಗೆ ತಕರಾರಿಲ್ಲ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ತಲೆ ತಗ್ಗಿಸಬೇಕಾದರೆ ಅದೂ ಆಟ ಕೆಟ್ಟಂತೆಯೇ.

ಈಗ ಪಣದ ವಿಷಯ. ಮ್ಯಾಜಿಕ್ ಹುಟ್ಟಿದಾಗ ಆಟಗಾರರು ತಮ್ಮ ಕಟ್ಟಿನಿಂದ ಒಂದು ಎಲೆ ಪಕ್ಕಕ್ಕಿಟ್ಟು ಗೆದ್ದವರು ಅದನ್ನು ಒಯ್ಯುವ ನಿಯಮವಿತ್ತು. ಜನರಿಗೆ ಅದು ಹಿಡಿಸಲಿಲ್ಲ, ಜೂಜಾಗುವ ಭಯವೂ ಇತ್ತು. ಪಣಕ್ಕೆ ಸಂಬಂಧಿಸಿದ ಒಂಬತ್ತು ಎಲೆಗಳು ಇಂದಿಗೂ ನಿಷೇಧದಲ್ಲಿವೆ. ಆಟ ಮಾತ್ರ ಉಳಿಯಿತು, ಬೆಳೆಯಿತು.

ನಮ್ಮ ಕಾನೂನು ಇದೇ ಜಾಗಕ್ಕೆ ಬರಲು ಬಹಳ ಸುತ್ತು ಹಾಕಿತು. 1967ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಾಟದಂತೆ ಬರೀ ಅದೃಷ್ಟದ್ದಲ್ಲ ಎಂದಿತು. ಅಂದಿನಿಂದ ಎಲ್ಲ ವಾದವೂ ಕೌಶಲವೋ ಅದೃಷ್ಟವೋ ಎಂಬಲ್ಲೇ ಗಿರಕಿ ಹೊಡೆಯಿತು. 2021ರಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣ ಪಣಕ್ಕಿಡುವ ಆನ್‌ಲೈನ್ ಆಟ ಯಾವುದೂ ಬೇಡ ಎಂದಿತು.

ನಮ್ಮಲ್ಲೊಬ್ಬರ ಕಾಕಾ ಒಂದು ವರ್ಷದ ಒಣದ್ರಾಕ್ಷಿಯ ದುಡ್ಡಿನಲ್ಲಿ ದೊಡ್ಡ ಪಾಲನ್ನು ಫೋನಿನ ರಮ್ಮಿಗೆ ಸುರಿದಿದ್ದಾರೆ. ಅವರು ಕಟ್ಟೆಯ ಮೇಲೆ ರಮ್ಮಿ ಆಡುವುದರಲ್ಲಿ ಊರಿಗೇ ಹೆಸರಾದವರು, ಕೌಶಲಕ್ಕೇನೂ ಕಡಿಮೆಯಿರಲಿಲ್ಲ. ಕಟ್ಟೆಯ ಮೇಲೆ ಸೋತರೆ "ಏಳ್ರೀ ಕಾಕಾ, ಮನೀಗ್ ಹೋಗ್ರಿ, ಕಾಕು ಹಾದಿ ಕಾಯ್ತಿರ್ತಾರ" ಎನ್ನುವವರು ಇರುತ್ತಿದ್ದರು. ಫೋನಿನಲ್ಲಿ ಹಾಗೆ ಹೇಳುವವರು ಇರಲಿಲ್ಲ. ಹೀಗಾಗಿ ಪಣ ತೆಗೆದುಹಾಕುವ ಕಾನೂನಿನ ಪರ ನಾವಿದ್ದೇವೆ. ಅದೇ ಉಸಿರಿನಲ್ಲಿ ಇಸ್ಪೀಟು ಎಂದ ಕೂಡಲೇ ಹುಬ್ಬು ಗಂಟಿಕ್ಕುವವರ ಪರ ನಾವಿಲ್ಲ. ನಾವು ಓದಿದ ಒಂದು ಶಾಲೆಯಲ್ಲಿ ಮಕ್ಕಳ ಟ್ರಂಪ್ ಕಾರ್ಡುಗಳನ್ನೆಲ್ಲ ಕಸಿದು ಮೈದಾನದಲ್ಲಿ ಸುಟ್ಟರು. ಆ ಮಕ್ಕಳು ಕೆಟ್ಟ ಎಲೆಯನ್ನು ತಾವೇ ಗುರುತಿಸಿ ಪಾಟಿಚೀಲದಲ್ಲಿ ಮುಚ್ಚಿಟ್ಟಿದ್ದರೆಂಬುದು ಸುಟ್ಟವರಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಯಾರು ನಿಷೇಧಿಸಬೇಕು ಎಂಬುದರಲ್ಲೇ ಕಮಾಂಡರ್‌ನ ಇತ್ತೀಚಿನ ಗಲಾಟೆಯೂ ಇದೆ. ಈ ಬಗೆಯನ್ನು ಕಟ್ಟಿದ್ದು ಕಂಪನಿಯಲ್ಲ, ಆಟಗಾರರು. ಶೆಲ್ಡನ್ ಮೆನೆರಿ ಮತ್ತು ಗೆಳೆಯರ ಒಂದು ಸ್ವಯಂಸೇವಕ ಸಮಿತಿ ಅದರ ನಿಯಮ ನೋಡಿಕೊಳ್ಳುತ್ತಿತ್ತು. ಮೆನೆರಿ 2023ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮುಂದಿನ ವರ್ಷ ಸೆಪ್ಟೆಂಬರ್ 23ರಂದು ಸಮಿತಿ ನಾಲ್ಕು ಎಲೆ ನಿಷೇಧಿಸಿತು: ಮಾನಾ ಕ್ರಿಪ್ಟ್, ಡಾಕ್‌ಸೈಡ್, ನಾಡು, ಜ್ಯುವೆಲ್ಡ್ ಲೋಟಸ್. ಕೊನೆಯದನ್ನು ಕಂಪನಿ ಇದೇ ಬಗೆಯ ಆಟಕ್ಕೆಂದೇ 2020ರಲ್ಲಿ ಛಾಪಿಸಿ, 2023ರಲ್ಲಿ ಮತ್ತೆ ಛಾಪಿಸಿ ಮಾರಿತ್ತು. ದುಬಾರಿ ಬೆಲೆ ಕೊಟ್ಟು ಕೊಂಡವರ ಎಲೆ ರಾತ್ರಿ ಬೆಳಗಾಗುವುದರಲ್ಲಿ ಬೆಲೆ ಕಳೆದುಕೊಂಡಿತು. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ಸಮಿತಿಯವರಿಗೆ ಬೆದರಿಕೆ ಹಾಕುವವರೆಗೆ ಹೋಯಿತು. ಒಂದೇ ವಾರದಲ್ಲಿ, ಸೆಪ್ಟೆಂಬರ್ 30ಕ್ಕೆ, ಆಟದ ಹೊಣೆಯನ್ನು ಕಂಪನಿಗೆ ಒಪ್ಪಿಸಿ ಅವರು ಕೈತೊಳೆದುಕೊಂಡರು.

ಬೆದರಿಕೆ ಹಾಕಿದವರು ಸಾಧಿಸಿದ್ದು ಇದು: ಎಲೆ ಮಾರುವವರೇ ಈಗ ಯಾವ ಎಲೆ ಬೇಡ ಎಂದು ತೀರ್ಮಾನಿಸುತ್ತಾರೆ. ಒಳಗೇನಿದೆ ಎಂದು ತಿಳಿಯದ ಮುಚ್ಚಿದ ಪೊಟ್ಟಣಗಳನ್ನು ಮಾರಿ ಬದುಕುವ ಕಂಪನಿ, ಆ ಪೊಟ್ಟಣದ ಆಸೆ ಹುಟ್ಟಿಸುವ ಎಲೆಯನ್ನು ಎಷ್ಟು ಬೇಗ ನಿಷೇಧಿಸೀತು? ಆಟಗಾರರ ಸಲಹಾಮಂಡಳಿ ಮಾಡಿಕೊಂಡಿದ್ದಾರೆ, ನಿಜ. ಆದರೂ ಎಪಿಎಂಸಿಯ ತಕ್ಕಡಿಯನ್ನು ದಲಾಲರ ಕೈಗೇ ಕೊಟ್ಟಂತೆ ನಮಗೆ ಕಾಣುತ್ತದೆ. ಹಳೆಯ ಸಮಿತಿಯದೂ ತಪ್ಪಿದೆ. ಕೆಟ್ಟದ್ದೆಂದು ವರ್ಷಗಟ್ಟಲೆ ಗೊತ್ತಿದ್ದ ಎಲೆಯನ್ನು ಅಷ್ಟು ಕಾಲ ಬಿಟ್ಟು, ಜನ ದುಡ್ಡು ಸುರಿದ ಮೇಲೆ ತೆಗೆದರು. ಬೇಗ ತೆಗೆದಿದ್ದರೆ ಅಳುವವರು ಕಡಿಮೆ ಇರುತ್ತಿದ್ದರು.

ನಮ್ಮ ಕೋಣೆಯ ಪಟ್ಟಿ ಕ್ಯಾಲೆಂಡರಿನ ಹಿಂಬದಿಯಲ್ಲಿದೆ. ಮೂರು ಹೆಸರಿಗೆ ನಾಲ್ವರ ಸಹಿಯೂ ಬಿದ್ದಿದೆ. ನಾಲ್ಕನೆಯದು ಸೋಲ್ ರಿಂಗ್, ಒಂದು ಶಕ್ತಿಗೆ ಇಳಿದು ಪಾಳಿಗೆ ಎರಡು ಕೊಡುವ ಎಲೆ. ಕಮಾಂಡರ್‌ನ ಅಧಿಕೃತ ನಿಷೇಧದ ಪಟ್ಟಿಯಲ್ಲಿ ಅದಿಲ್ಲ, ಎಲ್ಲರಿಗೂ ಅದರ ಮೇಲೆ ಮೋಹ. ತೆಗೆಯೋಣ ಎಂದು ನಾವು ಮೂವರು ಸಹಿ ಹಾಕಿದ್ದೇವೆ. ಬಬಲೇಶ್ವರದವಳು ಪೆನ್ನು ಮುಟ್ಟಿಲ್ಲ. "ನೀವ್ ಮೂರೂ ಮಂದಿ ಸೋತೀರಂತ ತಗೀತೀರೇನು? ನಾ ಸೋತಾಗ ಕೇಳ್ರಿ" ಎನ್ನುತ್ತಾಳೆ. ಕಳೆದ ಭಾನುವಾರವೂ ಅವಳೇ ಗೆದ್ದಳು.