ಅಮೃತ ಎಂದರೆ ಸಾಲದು

ತಾಯಿಹಾಲನ್ನು ಅಮೃತ ಎಂದು ಹೊಗಳುವವರು ಒಡೆದು ರಕ್ತ ಜಿನುಗುವ ಮೊಲೆತೊಟ್ಟಿನ ಬಗ್ಗೆ ಬಾಯಿಬಿಡುವುದಿಲ್ಲ. ಹೆರಿಗೆಯಾದ ಮರುದಿನವೇ ನೋಡಲು ಬಂದವರು, ‘ಹಾಲು ಸಾಲ್ತಿಲ್ಲ, ಡಬ್ಬದ್ದು ಶುರು ಮಾಡಿ’ ಎಂದು ತೀರ್ಪು ಕೊಟ್ಟರು. ಹಾಲು ತುಂಬಿಕೊಳ್ಳಲು ಎರಡು-ಮೂರು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬರುವ ಹಳದಿ ಹಾಲು ಸ್ವಲ್ಪವೇ ಇರುತ್ತದೆ ಎಂದು ಒಬ್ಬರೂ ಹೇಳಲಿಲ್ಲ. ನಾನು ಅಪರಾಧಿಯಂತೆ ಅಳುತ್ತಿದ್ದೆ. ಕೊನೆಗೆ ನರ್ಸ್ ಒಬ್ಬರು, ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗುವಂತೆ ಹಿಡಿಯಲು ಕಲಿಸಿದರು. ನೋವು ಇಳಿಯಿತು, ಮಗು ಗುಟುಕರಿಸಿತು.

ಅಗತ್ಯವಿದ್ದರೆ ಡಬ್ಬದ ಹಾಲೂ ತಪ್ಪಲ್ಲ. ಅದನ್ನು ಮಗುವಿನ ತೂಕ ನೋಡಿದ ವೈದ್ಯರು ಹೇಳಲಿ. 1992ರ ಕಾನೂನು ಅದರ ಜಾಹೀರಾತನ್ನು ತಡೆದಿದೆ; ಬಾಣಂತಿ ಕೋಣೆಯ ತೀರ್ಪುಗಾರರನ್ನು ತಡೆಯಬೇಕಾದವರು ನಾವು. ಹಾಲೂಡಿಸುವುದು ತಾಯಿ, ಮಗು ಇಬ್ಬರೂ ಕಲಿಯಬೇಕಾದ ಕೆಲಸ. ನಮ್ಮನ್ನು ಪೂಜಿಸಬೇಡಿ, ಕಲಿಸಿ.