ಪ್ರಯೋಗಶಾಲೆಯ ಪ್ರೇಮಕಥೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ನನ್ನ ಮೊಮ್ಮಗಳು ಈ ರಜೆಗೆ ಬಂದಾಗ ‘ದಿ ಲವ್ ಹೈಪಾಥಿಸಿಸ್’ ಎಂಬ ಇಂಗ್ಲಿಷ್ ಕಾದಂಬರಿ ತಂದಿದ್ದಳು. ಹೆಸರು ಕೇಳಿಯೇ ಮೂಗು ಮುರಿದೆ. “ಅಜ್ಜಿ, ಇದರಲ್ಲಿ ಎಲ್ಲರೂ ವಿಜ್ಞಾನಿಗಳು. ಬರೆದ ಆಲಿ ಹೇಜಲ್‌ವುಡ್ ಕೂಡ ಮಿದುಳಿನ ವಿಜ್ಞಾನ ಕಲಿತವರು” ಎಂದಳು. ಸರಿ, ಓದಿ ಹೇಳು ಎಂದೆ.

ಸರಸ್ವತಿ ನಗರದ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಸಂಜೆ, ಮಂಡಕ್ಕಿ-ಮಿರ್ಚಿಯ ಜೊತೆ ಕಥೆ ನಡೆಯಿತು. ನಡುವೆ ಕೆಲವು ಪುಟ ಗಬಕ್ಕನೆ ಮಗುಚುತ್ತಿದ್ದಳು. ಅದು ದೊಡ್ಡವರ ಪುಸ್ತಕ. ಏಳನೇ ಕ್ಲಾಸಿನ ತಮ್ಮ ಪಕ್ಕದಲ್ಲೇ ಕೂತಿದ್ದನಲ್ಲ!

ಆಲಿವ್ ಎಂಬ ಹುಡುಗಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವುದು ಅವಳ ಸಂಶೋಧನೆ. ತಾಯಿ ತೀರಿಕೊಂಡದ್ದೂ ಅದರಿಂದಲೇ. ಗೆಳತಿಗಾಗಿ ಒಂದು ಸುಳ್ಳು ಹೇಳಲು ಹೋಗಿ, ವಿದ್ಯಾರ್ಥಿಗಳೆಲ್ಲ ಹೆದರುವ ಆಡಮ್ ಎಂಬ ಪ್ರಾಧ್ಯಾಪಕನ ಜೊತೆ ಪ್ರೀತಿಯ ನಾಟಕ ಹೂಡುತ್ತಾಳೆ. ನಾಟಕ ನಿಜವಾಗುತ್ತದೆಂದು ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ ಓದಿ ಬೆಳೆದವಳು ನಾನು!

ಮಿರ್ಚಿ ಕೈಯಲ್ಲೇ ಉಳಿದದ್ದು ಬೇರೆ ಕಡೆ. ದೊಡ್ಡ ವಿಜ್ಞಾನಿಯೊಬ್ಬ ಆಲಿವ್ ಜೊತೆ ಕೆಟ್ಟದಾಗಿ ನಡೆದುಕೊಂಡು, ನಿನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಹೆದರಿಸುತ್ತಾನೆ. ಅವನು ಆಡಮ್‌ನ ಹಳೆಯ ಗೆಳೆಯ. ಆದರೂ ಆಡಮ್ ನಿಲ್ಲುವುದು ಅವಳ ಪರವಾಗಿಯೇ. ಅಲ್ಲಿ ನನಗೆ ಅವನು ಹಿಡಿಸಿದ.

“ಲ್ಯಾಬಿನವರು ನಿಜವಾಗ್ಲೂ ಮದುವೆಯಾಗ್ತಾರಾ?” ಎಂದ ಮೊಮ್ಮಗ.

ಆಗ್ತಾರಪ್ಪ, ನಮ್ಮ ಬೆಂಗಳೂರಿನಲ್ಲೇ ಆಗಿದ್ದಾರೆ ಎಂದು ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿದೆ. 1922ರಲ್ಲಿ ಹುಟ್ಟಿದ ಈ ಕನ್ನಡತಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಆ ಕಾಲಕ್ಕೇ ಪದವಿ ಪಡೆದಿದ್ದರು. (ಅಜ್ಜಿಯರೇ, ಗಮನಿಸಿ!) ಮೊಮ್ಮಗಳು ಅಮೆರಿಕದ ಮಿಷಿಗನ್‌ನಲ್ಲಿ ಓದಿ, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದರು. ಅಲ್ಲಿಯೇ ಕಲಿಸುತ್ತಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಅದೇ ವರ್ಷ ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಶಾಲೆ ಕಟ್ಟಿದರು. ರೇಡಾರ್‌ಗೆ ಬೇಕಾದ ಆಂಟೆನಾಗಳನ್ನು ಕುರಿತು ರಾಜೇಶ್ವರಿ ವರ್ಷಗಟ್ಟಲೆ ದುಡಿದರು. ಮಗಳು ಇಂದಿರಾ ಕೂಡ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

“ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲವಾ?” ಮೊಮ್ಮಗಳ ದನಿ ಸಣ್ಣಗಾಗಿತ್ತು. ಮನೆಯಲ್ಲಿ ಅವಳಿಗೆ ಗಂಡು ನೋಡುವ ಮಾತು ಶುರುವಾಗಿದೆ. ಅವಳಿಗೋ ಎಂ.ಎಸ್ಸಿ. ಮಾಡುವ ಆಸೆ, ಅಪ್ಪನಿಗೆ ಹೇಳಲು ಭಯ.

ನನಗೂ ರಸಾಯನಶಾಸ್ತ್ರವೆಂದರೆ ಪ್ರಾಣವಾಗಿತ್ತು. ಪಿ.ಯು.ಸಿ. ಮುಗಿಯುವ ಮುಂಚೆಯೇ ಮದುವೆಯಾಯಿತು, ಪುಸ್ತಕ ಅಟ್ಟ ಸೇರಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದೆ.

ನಾಳೆ ಭಾನುವಾರ. ಮಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಾನೆ. ಅವನು ಎರಡನೇ ದೋಸೆಗೆ ಕೈ ಹಾಕುವಾಗ ನಾನೇ ಮಾತು ತೆಗೆಯುತ್ತೇನೆ.